ಮೂರನೇ ಕಿಟಕಿಯ ಸಾಹೇಬರಿಗೆ, ಗಂಡನ ಸಹಿಯ ವಿಷಯವಾಗಿ

ಆರೋಗ್ಯ ಕೇಂದ್ರದ ಮೂರನೇ ಕಿಟಕಿಯೊಳಗೆ ವಿರಾಜಮಾನರಾಗಿರುವ ಮಾನ್ಯರೇ,

ತಮ್ಮ ಕನ್ನಡಕಕ್ಕೂ, ತಮ್ಮ ಮೊಹರಿಗೂ, ಐದು ಸಲ ಬಂದರೂ ನನ್ನ ಮುಖ ಗುರುತಿಸದ ತಮ್ಮ ನಿಷ್ಪಕ್ಷಪಾತಕ್ಕೂ ಮೊದಲು ಕೈಮುಗಿಯುತ್ತೇನೆ. ನಾನು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವವಳು, ಲಾರಿ ಚಾಲಕರೊಬ್ಬರ ಹೆಂಡತಿ, ಮೂರು ಮಕ್ಕಳ ತಾಯಿ. ಮೂರೂ ಹೆರಿಗೆ ಹೊಟ್ಟೆ ಕೊಯ್ದೇ ಆದದ್ದು. "ಇನ್ನೊಂದಾದ್ರೆ ನಿನ್ನ ಜೀವಕ್ಕೆ ನಾನು ಜವಾಬ್ದಾರಿ ಅಲ್ಲಮ್ಮ" ಎಂದು ಡಾಕ್ಟರಮ್ಮ ಗದರಿ, ಬಸುರಾಗದಂತೆ ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದನ್ನು ಬರೆದುಕೊಟ್ಟರು. ಒಂದೇ ಕಡೆ ಮೂರು ಸಲ ಬಿಚ್ಚಿದ ಬಟ್ಟೆ ನಾಲ್ಕನೇ ಹೊಲಿಗೆ ಹಿಡಿಯುವುದಿಲ್ಲವೆಂದು ನನಗೂ ಗೊತ್ತು.

ಆದರೆ ತಾವು, ಅರ್ಜಿಗೆ ಗಂಡನ ಸಹಿ ಬೇಕು, ಅದೂ ತಮ್ಮ ಕಣ್ಣೆದುರೇ ಬೀಳಬೇಕು ಎಂದಿರಿ. ಆಹಾ, ನಿಯಮವೆಂದರೆ ಹೀಗಿರಬೇಕು! ನನ್ನ ಗಂಡ ಮನೆಗೆ ಬರುವುದು ತಿಂಗಳಿಗೆ ಎರಡು ಭಾನುವಾರ. ಭಾನುವಾರ ತಮ್ಮ ಕಿಟಕಿಗೆ ರಜೆ. ಕಿಟಕಿ ತೆರೆದ ದಿನ ಗಂಡ ಊರಲ್ಲಿಲ್ಲ, ಗಂಡ ಊರಲ್ಲಿಲ್ಲದ ದಿನ ಆ ಮದ್ದಿನ ಅಗತ್ಯವೇ ನನಗಿಲ್ಲ. ನನ್ನ ಸಂಸಾರವನ್ನು ಇಷ್ಟು ಚೆನ್ನಾಗಿ ಬಲ್ಲವರು ನಮ್ಮತ್ತೆಯವರನ್ನು ಬಿಟ್ಟರೆ ತಾವೊಬ್ಬರೇ.

ಗಂಡ ಪಾಪ, ಒಳ್ಳೆಯವರೇ. ಗಂಡಸರು ಬಳಸುವ ಉಪಾಯದ ಮಾತೆತ್ತಿದರೆ ಮಾತ್ರ ಅವರಿಗೆ ಇದ್ದಕ್ಕಿದ್ದಂತೆ ಲಾರಿಯ ಟೈರು ನೆನಪಾಗುತ್ತದೆ. "ಸಹಿ ತಾನೆ, ಹಾಕಿದ್ರಾಯ್ತು ಬಿಡು" ಎಂದು ದಾರಿಯಲ್ಲೇ ಲಾರಿ ನಿಲ್ಲಿಸಿ, ಕಾಗದಕ್ಕೆ ಸಹಿ ಹಾಕಿ, ಅದರ ಫೋಟೋ ಕಳಿಸಿದರು. ತಾವು ನನ್ನ ಫೋನನ್ನು ಅಡ್ಡಡ್ಡ ತಿರುಗಿಸಿ ನೋಡಿ, "ಫೋಟೋ ಎಲ್ಲಾ ನಡೆಯಲ್ಲಮ್ಮ, ಆಸಾಮಿನ ಕರ್ಕೊಂಡು ಬಾ" ಎಂದಿರಿ. ಸಾಲಿನಲ್ಲಿದ್ದವರೆಲ್ಲ ಕಿಸಕ್ಕನೆ ನಕ್ಕರು. ನಾನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅತ್ತೆಯವರ ಕಿವಿ ಮುಟ್ಟಿತ್ತು. "ನಾನು ಏಳು ಹೆತ್ತೆ ಕಣೇ, ಯಾವ ಕಿಟಕಿ ಮುಂದೆ ನಿಂತಿದ್ದೆ?" ಎಂದರು. ಆ ಏಳರಲ್ಲಿ ಉಳಿದದ್ದು ಮೂರು ಎಂದು ನಾನು ನೆನಪಿಸಲಿಲ್ಲ.

ಆದ್ದರಿಂದ ಮಾನ್ಯರೇ, ತಮ್ಮ ಕಿಟಕಿಯನ್ನು ಚೌಕಟ್ಟಿನ ಸಮೇತ ಕಿತ್ತು ನನ್ನ ಗಂಡನ ಲಾರಿಗೆ ಕಟ್ಟಿಸಿಕೊಡಬೇಕು. ತಾವೂ ಒಳಗೇ ಕೂತು ಹೊರಡಬಹುದು, ದಾರಿಯುದ್ದಕ್ಕೂ ಗಾಳಿ ಚೆನ್ನಾಗಿ ಬೀಸುತ್ತದೆ. ಅದಾಗದಿದ್ದರೆ, ಭಾನುವಾರ ಮನೆಗೆ ಬಂದ ಗಂಡ ಸೋಮವಾರ ಕಿಟಕಿ ತೆರೆಯುವತನಕ ಹೆಂಡತಿಯಿಂದ ಹತ್ತು ಮಾರು ದೂರವಿರತಕ್ಕದ್ದು ಎಂಬ ಆದೇಶವನ್ನು, ಮೊಹರು ಒತ್ತಿ, ನಮ್ಮ ಬಾಗಿಲಿಗೆ ಅಂಟಿಸಬೇಕು.

ತಮ್ಮ ಮೊಹರನ್ನೇ ನಂಬಿ ಕೂತಿದ್ದ,
ತಮ್ಮ ವಿಶ್ವಾಸಿ,
ಲಾರಿ ಚಾಲಕರ ಹೆಂಡತಿ
(ಈ ಸಹಿ ನನ್ನದೇ, ಯಾರನ್ನೂ ಕೇಳಿ ಹಾಕಿದ್ದಲ್ಲ)

ಮರೆತ ಮಾತು: ಪತ್ರ ಮುಗಿಸುವಷ್ಟರಲ್ಲಿ ತಡವಾಗಿಹೋಯಿತು. ನಿನ್ನೆ ತಮ್ಮ ಪಕ್ಕದ ಕಿಟಕಿಯಲ್ಲಿ ಬಸುರಿಯೆಂದು ಹೆಸರು ಬರೆಸಿ ಬಂದೆ. ಎರಡೇ ನಿಮಿಷದ ಕೆಲಸ. ಅಲ್ಲಿ ಗಂಡನ ಸಹಿಯನ್ನು ಯಾರೂ ಕೇಳಲಿಲ್ಲ. ಮಗುವಿಗೆ ತಮ್ಮ ಹೆಸರೇ ಇಡೋಣವೆಂದಿದ್ದೇನೆ. ಅದಕ್ಕೆ ತಮ್ಮ ಒಪ್ಪಿಗೆಯ ಸಹಿ ಬೇಕು, ನನ್ನ ಕಣ್ಣೆದುರೇ ಹಾಕಬೇಕು, ಒಂದು ಭಾನುವಾರ ಬನ್ನಿ. ನಾನು ಉಳಿದಿದ್ದರೆ ನಾನೇ ಬಾಗಿಲು ತೆರೆಯುತ್ತೇನೆ. ಇಲ್ಲದಿದ್ದರೆ ಗೋಡೆಯ ಮೇಲೆ ನನ್ನ ಫೋಟೋ ಇರುತ್ತದೆ. ಆದರೆ ಫೋಟೋ ನಡೆಯುವುದಿಲ್ಲವೆಂದು ತಾವೇ ಹೇಳಿದ್ದೀರಿ.