ನಾನು ಒಬ್ಬನೇ ಕೂತಾಗ ಎಲ್ಲವೂ ಸರಿ

ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗೆದ್ದವರು ಪ್ರೋಗ್ರಾಮು ಬರೆಯಬಾರದು. ಏನಾದರೂ ಕೆಟ್ಟಾಗ ಅವರು ಹುಡುಕುವುದು ತಪ್ಪನ್ನಲ್ಲ, ವಾದವನ್ನು. ಇದನ್ನು ಖಂಡಿಸಲು ಬರಬೇಡಿ, ಸೋಲುತ್ತೀರಿ.

ಬನಹಟ್ಟಿಯ ಸೀರೆ ವ್ಯಾಪಾರಿ ಈರಪ್ಪ ಕಾಕಾ ನನ್ನ ಮೊದಲ ಗಿರಾಕಿ. ಜಮಖಂಡಿ, ಮುಧೋಳದ ಅಂಗಡಿಗಳ ಆರ್ಡರುಗಳನ್ನು ದೂರದ ಸರ್ವರಿಗೆ ಕಳಿಸುವ ಪ್ರೋಗ್ರಾಮನ್ನು ಅವರಿಗೆ ಜಾವಾದಲ್ಲಿ ಬರೆದುಕೊಟ್ಟಿದ್ದೆ. ಮದುವೆ ಸೀಸನ್ ಬರುವವರೆಗೆ ಚೆನ್ನಾಗಿತ್ತು. ಆಮೇಲೆ ಕೆಂಪು ಕೇಳಿದ ಮುಧೋಳಕ್ಕೆ ಜಮಖಂಡಿಯ ಹನ್ನೆರಡು ಹಸಿರು ಸೀರೆ ಹೋಗಿ, ವಾಪಸು ಬಂದವು. ಅಷ್ಟರಲ್ಲಿ ಜಮಖಂಡಿಯವರು ಬೇರೆ ಕಡೆ ಕೊಂಡಾಗಿತ್ತು.

"ಇನ್ನೊಮ್ಮೆ ಹಿಂಗಾತಂದ್ರ ಕಂಪ್ಯೂಟರ್ ಅಟ್ಟಕ್ಕ ಏರಸತೀನಿ, ಮತ್ತ ಲೆಕ್ಕದ ವಹ್ಯಾಗ ಬರಕೋತೀನಿ," ಎಂದರು ಕಾಕಾ. ಅವರು ಕೈಬಿಟ್ಟರೆ ಈ ಊರಲ್ಲಿ ನನಗೆ ಎರಡನೆಯ ಗಿರಾಕಿ ಹುಟ್ಟುವುದಿಲ್ಲ.

ತಪ್ಪು ಸರ್ವರಿನದೇ ಎಂದು ಮೂರು ಕಾರಣ ಕೊಟ್ಟು ಸಾಧಿಸಿದೆ. ನನ್ನ ಪ್ರೋಗ್ರಾಮು ಸರಿಯಿದೆ ಎಂಬ ಸಾಕ್ಷಿಗೆ ಅವರ ಅಂಗಡಿಯಲ್ಲೇ ಕೂತು ನಲವತ್ತು ಆರ್ಡರು ಕಳಿಸಿದೆ. ಒಂದೂ ತಪ್ಪಲಿಲ್ಲ.

"ನೀ ಒಬ್ಬನ ಕುಂತು ಕಳಿಸಿದ್ರ ಹೆಂಗ ತಪ್ಪತೈತಿ ಲೇ? ಖಾಲಿ ಓಣ್ಯಾಗ ಯಾರರ ಡಿಕ್ಕಿ ಹೊಡೀತಾರೇನು?"

ಕಾಕಾ ಜಮಖಂಡಿಗೊಬ್ಬ, ಮುಧೋಳಕ್ಕೊಬ್ಬ ಎಂದು ಇಬ್ಬರು ಗುಮಾಸ್ತರನ್ನು ಎರಡು ಕಂಪ್ಯೂಟರಿನ ಮುಂದೆ ಕೂರಿಸಿ, "ಹೂಂ" ಎಂದಾಗ ಆರ್ಡರು ಕಳಿಸುವ ಗುಂಡಿಯನ್ನು ಒಟ್ಟಿಗೆ ಒತ್ತಿಸಿದರು. ಮೂರನೆಯ "ಹೂಂ"ಗೆ ಮುಧೋಳದ ಆರ್ಡರು ಜಮಖಂಡಿಯ ಹೆಸರಲ್ಲಿ ಹೋಯಿತು.

ಒಳಗೆ ಆಗಿದ್ದು ಇಷ್ಟು. ಎರಡೂ ಕಂಪ್ಯೂಟರಿನ ಆರ್ಡರು ಹೋಗುವುದು ನನ್ನ ಒಂದೇ ಪ್ರೋಗ್ರಾಮಿನ ಮೂಲಕ. ಏಕಕಾಲಕ್ಕೆ ಓಡುವ ಒಂದೊಂದು ಕೆಲಸವೂ ಒಂದೊಂದು ಥ್ರೆಡ್. ಲಾಗಿನ್ ಆದ ಅಂಗಡಿಗೆ ಸರ್ವರು ಕೊಡುವ ಗುರುತೇ ಸೆಷನ್. ಆ ಗುರುತನ್ನು ಹೊತ್ತು ಸರ್ವರಿನ ಜೊತೆ ಮಾತಾಡುವುದು ಕ್ಲೈಂಟು. ಮೆಮೊರಿ ಉಳಿಸುವ ಜಾಣತನದಲ್ಲಿ ನಾನು ಎಲ್ಲ ಥ್ರೆಡ್ಡುಗಳಿಗೂ ಒಂದೇ ಕ್ಲೈಂಟು ಕೊಟ್ಟಿದ್ದೆ. ಮುಧೋಳದ ಕೆಲಸ ಅರ್ಧ ಆಗಿರುವಾಗ ಜಮಖಂಡಿ ನುಗ್ಗಿ ತನ್ನ ಗುರುತು ಅಂಟಿಸುತ್ತಿತ್ತು.

ವಿವರಿಸಿದೆ. ಕಾಕಾ, "ಅಂದ್ರ ಎರಡ ಮಗ್ಗಕ್ಕ ಒಂದ ಲಾಳಿ ಕೊಟ್ಟಿದ್ದಿ," ಎಂದರು.

"ಆ ಹೋಲಿಕಿ ಪೂರ್ತಿ ಹೊಂದೂದಿಲ್ಲರಿ ಕಾಕಾ."

"ಯಾಕ ಹೊಂದೂದಿಲ್ಲ?"

ಇನ್ನೂ ಯೋಚಿಸುತ್ತಿದ್ದೇನೆ.

ಥ್ರೆಡ್ಡಿಗೊಂದು ಕ್ಲೈಂಟು, ಕ್ಲೈಂಟಿಗೊಂದು ಸೆಷನ್ ಎಂದು ತಿದ್ದಿದೆ. ಇಪ್ಪತ್ತು ಸಲ "ಹೂಂ" ಎಂದರೂ ಏನೂ ಅದಲುಬದಲಾಗಲಿಲ್ಲ. ಕಂಪ್ಯೂಟರು ಅಟ್ಟ ಏರಲಿಲ್ಲ.

ಆದರೆ ಕಾಕಾನ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಕೆಟ್ಟ ಇಲ್ಲವೇ ವಾಪಸು ಬಂದ ಮಾಲಿನ ಸೆರಗಿಗೆ ತಪ್ಪು ಮಾಡಿದವನ ಹೆಸರಿನ ಚೀಟಿ ಕಟ್ಟಿ, ಮಾರಾಟವಾಗುವವರೆಗೆ ಬಾಗಿಲ ಬಳಿ ತೂಗುಹಾಕುತ್ತಾರೆ. ನೇಕಾರ ತನಗೆ ಹೇಳಿದ್ದನ್ನೇ ನೇಯ್ದಿದ್ದ. ಹೀಗಾಗಿ ವಾಪಸು ಬಂದ ಹಸಿರು ಸೀರೆಗಳ ಹನ್ನೆರಡು ಚೀಟಿಗಳಲ್ಲೂ ನನ್ನ ಹೆಸರು. ನಿನ್ನೆ ನಾನು ಅಲ್ಲಿರುವಾಗಲೇ ಪಕ್ಕದ ಚಿಮ್ಮಡದ ಹೆಣ್ಣುಮಗಳೊಬ್ಬಳು ಚೀಟಿ ಓದಿ, "ಈಂವ ಹೊಸಾ ನೇಕಾರ ಏನ್ರಿ?" ಎಂದು ಕೇಳಿದಳು.

"ಹೂಂ ಯವ್ವಾ. ಕೈ ಇನ್ನೂ ಕುಂತಿಲ್ಲ, ಬಾಯಿ ಮಾತ್ರ ಭಾಳ ಐತಿ," ಎಂದರು ಕಾಕಾ.

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವಳು ಒಂದು ಸೀರೆ ಆರಿಸಿಕೊಂಡಳು. ಇನ್ನೂ ಹನ್ನೊಂದು ತೂಗುತ್ತಿದ್ದವು. ಬಾಯಿ ಮುಚ್ಚಿಕೊಂಡು, ಅವಳಿಗೆ ನಾನೇ ಮಡಚಿಕೊಟ್ಟೆ.