ಹೊಗೆ ಬರದೆ ಮಜ್ಜಿಗೆ ಬರುತ್ತಾ?

“ಇಡೀ ಫಿನ್ಲೆಂಡಿನಲ್ಲಿ ಬೆಂಕಿಗೂ ಗೊಬ್ಬರದ ಗುಂಡಿಗೂ ವ್ಯತ್ಯಾಸ ಗೊತ್ತಿಲ್ಲದ ಫೈರ್‌ಮನ್ ಒಬ್ಬನೇ ಒಬ್ಬ ಇದ್ದಾನೆ. ಅವನನ್ನ ನಾವೇ ಸಾಕ್ತಾ ಇದ್ದೀವಿ!”

ಚೀಫ್ ರೈನೆ ಈ ಮಾತು ಹೇಳಿದ್ದು ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದ ಶೆಡ್ಡಿನಲ್ಲಿ, ನಡುಬೇಸಿಗೆ ಹಬ್ಬದ ಬೆಳಿಗ್ಗೆ, ಇಡೀ ದಳ ಕಾಫಿ ಲೋಟ ಹಿಡಿದು ಕೂತಿದ್ದಾಗ. ಎಲ್ಲರೂ ನಕ್ಕರು. ಚೀಫರ ತಮಾಷೆಗೆ ನಗುವುದು ಆ ದಳದ ಸಮವಸ್ತ್ರದ ಒಂದು ಭಾಗ. ಹೆಲ್ಮೆಟ್ ಮರೆತರೆ ನಡೆಯುತ್ತದೆ, ನಗು ಮರೆತರೆ ನಡೆಯುವುದಿಲ್ಲ.

ತಾರ್ಮೊ ಮಾತ್ರ ನಗಲಿಲ್ಲ. ಅವನ ಬಾಯಲ್ಲಿ ಏಲಕ್ಕಿ ಬನ್ ಇತ್ತು. ಅದು ನುಂಗಲೂ ಆಗದೆ ಉಗಿಯಲೂ ಆಗದೆ ಕೆನ್ನೆಯೊಳಗೆ ಒದ್ದೆ ಕಾಲುಚೀಲದಂತೆ ಕೂತುಬಿಟ್ಟಿತು.

“ಅದು ಬಿಸಿ ಇದ್ದದ್ದು ನಿಜ ಚೀಫ್,” ಎಂದ ಹೇಗೋ.

“ಬಿಸಿ ಇದ್ದದ್ದು ನಿಜ ಕಣೋ! ಗೊಬ್ಬರ ಬಿಸೀನೇ ಇರೋದು! ಹೋದ ವರ್ಷ ನಿನ್ನ ಡ್ರೋನ್ ನಂಬಿ, ಪಾಪ, ಈ ಹಿಲ್ಕಾಳ ಗೊಬ್ಬರಕ್ಕೆ ಇಡೀ ದಳ ಸೇರಿ ಸ್ನಾನ ಮಾಡಿಸಿ ಬಂದ್ವಿ.”

ಕಾಫಿ ಬಗ್ಗಿಸುತ್ತಿದ್ದ ಹಿಲ್ಕಾ, “ಆಮೇಲೆ ಕುಂಬಳ ಚೆನ್ನಾಗೇ ಬಂತು, ಅದನ್ನೂ ಹೇಳಿ,” ಎಂದಳು. ಮತ್ತೆ ನಗು.

ತಾರ್ಮೊ ದಳದ ಡ್ರೋನ್ ಹಾರಿಸುವವನು. ಅದಕ್ಕೆ ಮೊದಲು ಪೈಪು ತೊಳೆಯುವವನಾಗಿದ್ದ. ತನ್ನ ಯೌವನವನ್ನೆಲ್ಲ ಆ ಕೆಸರು ಪೈಪುಗಳಿಗೆ ಸುರಿದಿದ್ದ. ಡ್ರೋನ್ ಬಂದಾಗ ಉಳಿದವರು ಅದನ್ನು ಸತ್ತ ಕಾಗೆಯಂತೆ ನೋಡಿ ದೂರ ಸರಿದರು. ತಾರ್ಮೊ ಒಬ್ಬನೇ ಕೂತು ಓದಿ, ಪರೀಕ್ಷೆಯಲ್ಲಿ ಬಿದ್ದು, ಎದ್ದು, ಮತ್ತೆ ಬಿದ್ದು, ಕಡೆಗೆ ಪಾಸಾಗಿ ಬಂದ. ಅವನು ಪಾಸಾದ ಮೇಲೆ ಅದು ಎಲ್ಲರಿಗೂ ಬೇಕಾಯಿತು. ಎಲ್ಲರಿಗಿಂತ ಹೆಚ್ಚಾಗಿ ಚೀಫರ ಅಳಿಯ ಯೂಸೊಗೆ.

“ಕೇಳು,” ಎಂದರು ಚೀಫ್. “ಇವತ್ತು ಇನ್ನೊಂದು ಸಲ ನಮ್ಮನ್ನ ಸುಮ್ಮನೆ ಓಡಿಸಿದ್ಯೋ, ಡ್ರೋನ್ ಯೂಸೊಗೆ. ನೀನು ಮತ್ತೆ ಪೈಪಿಗೆ.”

ಯೂಸೊ ಅಲ್ಲಿರಲಿಲ್ಲ. ಅವನಿಗೆ ಅಂದು ದೊಡ್ಡ ಜವಾಬ್ದಾರಿ ಇತ್ತು: ಕೆರೆದಡದಲ್ಲಿ ಚೀಫರ ಹೊಗೆ ಸೌನಾ ಕಾಯಿಸುವುದು. ಚೀಫರ ಅಜ್ಜ ಮರದ ದಿಮ್ಮಿಯಲ್ಲಿ ಕಟ್ಟಿದ್ದು. ಅದಕ್ಕೆ ಚಿಮಣಿಯಿಲ್ಲ. ಬೆಳಿಗ್ಗೆಯಿಂದ ಕಟ್ಟಿಗೆ ಉರಿಸಿ ಕಲ್ಲು ಕಾಯಿಸಬೇಕು, ಹೊಗೆಯೆಲ್ಲ ಬಾಗಿಲಿನಿಂದ, ಗೋಡೆಯ ಕಿಂಡಿಯಿಂದ ಹೊರಗೆ ಬರಬೇಕು, ಬೆಂಕಿ ಆರಿದ ಮೇಲೆ ಸಂಜೆ ಎಲ್ಲರೂ ಒಳಗೆ ಕೂತು ಬೆವರಬೇಕು. ಕಾಯಿಸುವವನು ಅತ್ತಿತ್ತ ಕದಲುವಂತಿಲ್ಲ. ಒಂದು ಕಿಡಿ ಹಾರಿದರೆ ಸೌನಾವೇ ಸೌದೆ. ಸಂಜೆ ಇಡೀ ದಳಕ್ಕೆ ಅಲ್ಲೇ ಹಬ್ಬ.

ಅಷ್ಟರಲ್ಲಿ ಕರೆ ಬಂತು. ರೈಲು ಹಳಿಯ ಪಕ್ಕದ ಕಾಡಿನಲ್ಲಿ ಯಾರೋ ಸಾಸೇಜ್ ಸುಟ್ಟುಕೊಂಡು ಒಲೆಯನ್ನು ಹಾಗೇ ಬಿಟ್ಟು ಹೋಗಿದ್ದರು. ಮಳೆಯಿಲ್ಲದೆ ಕಾಡು ಒಣಗಿತ್ತು, ಹಬ್ಬದ ದೊಡ್ಡ ಬೆಂಕಿ ಹಚ್ಚುವುದನ್ನೇ ಸರ್ಕಾರ ನಿಷೇಧಿಸಿತ್ತು. ಆದರೆ ನಿಷೇಧ ಎಂದರೆ ಪಕ್ಕದ ಮನೆಯವನಿಗೆ ಎಂದು ನಮ್ಮ ಜನ ತಿಳಿದಿರುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಬೆಂಕಿ ಆರಿತು. ಇನ್ನು ಪಾಚಿಯ ಕೆಳಗೆ ಎಲ್ಲಾದರೂ ಕೆಂಡ ಅಡಗಿದೆಯೇ ನೋಡಬೇಕು. ಇದು ಡ್ರೋನ್ ಕೆಲಸ. ಬಿಸಿ ಇದ್ದದ್ದನ್ನು ಬೆಳ್ಳಗೆ, ತಣ್ಣಗಿದ್ದದ್ದನ್ನು ಕಪ್ಪಗೆ ತೋರಿಸುವ ಕ್ಯಾಮೆರಾ ಹೊತ್ತು ಅದು ಜೇನುಹುಳದಂತೆ ಗುಂಯ್ಗುಡುತ್ತ ಮೇಲೇರಿತು. ತಾರ್ಮೊ ಸ್ಕ್ರೀನಿನೊಳಗೆ ಮೂಗು ತೂರಿಸಿದ.

“ಜೌಗಿನ ಆಚೆ ಏನೋ ಬೆಳ್ಳಗಿದೆ ಚೀಫ್. ಬಿಸಿಲಿಗೆ ಕಾದ ಬಂಡೆಯೂ ಇರಬಹುದು. ಇನ್ನೊಂದು ಸುತ್ತು ನೋಡಿ ಹೇಳ್ತೀನಿ—”

“ಬೆಳ್ಳಗಿದೆಯಂತೆ! ನಡೀರೋ!” ಚೀಫ್ ಆಗಲೇ ಕೂಗಿಬಿಟ್ಟಿದ್ದರು. ಒಂದು ವಾಕ್ಯದಲ್ಲಿ ಮೊದಲ ಅರ್ಧ ಮಾತ್ರ ಕೇಳುವುದು ಅವರಿಗೆ ಹುಟ್ಟಿನಿಂದ ಬಂದ ವಿದ್ಯೆ. ಚೀಫ್ ಆಗಲು ಅಷ್ಟೇ ಸಾಕಾಗಿತ್ತು.

ದಳ ಸೊಂಟದವರೆಗೆ ಜೌಗಿನಲ್ಲಿ ಮುಳುಗೆದ್ದು ಹೋಯಿತು. ಸ್ವಲ್ಪ ಹೊತ್ತಿಗೆ ವಾಕಿಟಾಕಿಯಲ್ಲಿ, ಎಲ್ಲರಿಗಿಂತ ಮುಂದೆ ಹೋಗಿದ್ದ ಕೌಕೊನ ದನಿ: “ಬಂಡೆ ಕಣೋ. ಅದರ ಮೇಲೆ ಕೂತಿದ್ದೀನಿ. ಕುಂಡೆ ಬೆಚ್ಚಗಾಯ್ತು, ಥ್ಯಾಂಕ್ಸ್.”

ಸ್ಕ್ರೀನಿನಲ್ಲಿ ಕಂಡ ಎರಡನೆಯ ಬಿಳುಪು ಬಂಡೆಯಾಗಿರಲಿಲ್ಲ. ಆಳೆತ್ತರದ ಇರುವೆಗೂಡು. ಬಿಸಿಲು ಕುಡಿದು ಒಳಗೆ ಬೆಚ್ಚಗೆ ಸಂಸಾರ ಮಾಡುತ್ತಿತ್ತು. ತಾರ್ಮೊ “ಇರುವೆಗೂಡು ಇದ್ದರೂ ಇರಬಹುದು” ಎನ್ನುವಷ್ಟರಲ್ಲಿ ಕೌಕೊ ಅದಕ್ಕೆ ಗುದ್ದಲಿ ಹಾಕಿಯಾಗಿತ್ತು. ಆಮೇಲೆ ವಾಕಿಟಾಕಿಯಲ್ಲಿ ಬಂದದ್ದನ್ನು ಬರೆಯುವಂತಿಲ್ಲ. ಕಾಡಂಚಿಗೆ ವಾಪಸು ಓಡಿಬಂದಾಗ ಕೌಕೊನ ಮೈಮೇಲೆ ಪ್ಯಾಂಟಿರಲಿಲ್ಲ.

“ಸಾಕು!” ಎಂದರು ಚೀಫ್. “ಆ ಬೀಸಣಿಗೆ ಕೆಳಗಿಳಿಸು. ಹಬ್ಬ ಮುಗಿದ ಮೇಲೆ ಯೂಸೊಗೆ ಕೊಡು.”

ಹಿಲ್ಕಾ ಸಾಸೇಜ್, ಕಾಫಿ ಹರವಿದಳು. ಬೈದು ಬೈದು ಚೀಫರಿಗೆ ಹಸಿವಾಗಿತ್ತು.

ತಾರ್ಮೊ ಡ್ರೋನನ್ನು ಕೆರೆದಡದ ಮೇಲಿಂದ ವಾಪಸು ತರುತ್ತಿದ್ದ. ಸ್ಕ್ರೀನಿನಲ್ಲಿ ಚೀಫರ ಸೌನಾ ಕಾಣಿಸಿತು. ಬಾಗಿಲಿನಿಂದ ಹೊಗೆ, ಅದು ಸರಿ. ಕಿಂಡಿಯಿಂದ ಹೊಗೆ, ಅದೂ ಸರಿ. ಕೆರೆಯೊಳಕ್ಕೆ ಚಾಚಿದ ಹಲಗೆಯ ಮೇಲೆ ಉದ್ದಕ್ಕೆ ಏನೋ ಬೆಳ್ಳಗಿತ್ತು; ಬಿಸಿಲಿಗೆ ಬೋರಲು ಹಾಕಿದ ದೋಣಿ ಇರಬೇಕು. ಆದರೆ ಸೌನಾದ ಮಾಡಿನ ಮೂಲೆಯಲ್ಲಿ ಅಂಗೈಯಷ್ಟು ಬಿಳುಪು. ನೋಡುತ್ತಿದ್ದಂತೆ ಅದು ತಟ್ಟೆಯಷ್ಟಾಯಿತು.

ಹೇಳಿದರೆ ತಾರ್ಮೊಗೆ ಪೈಪು ಇನ್ನೂ ಖಾತ್ರಿ. ಹೇಳದಿದ್ದರೆ?

“ಚೀಫ್... ನಿಮ್ಮ ಸೌನಾದ ಮಾಡು ಹತ್ತಿಕೊಂಡಿದೆ.”

ಕಾಡಂಚಿನಲ್ಲಿ ನಗು ಹೇಗೆ ಎದ್ದಿತೆಂದರೆ ಪ್ಯಾಂಟಿಲ್ಲದ ಕೌಕೊ ಕೂಡ ತುರಿಸುವುದು ಬಿಟ್ಟು ನಕ್ಕ.

“ಹೊಗೆ ಕಾಣಿಸ್ತಾ?” ಎಂದರು ಚೀಫ್ ಕಣ್ಣೊರೆಸಿಕೊಳ್ಳುತ್ತ.

“ಕಾಣಿಸ್ತು, ಆದ್ರೆ ಅದಲ್ಲ—”

“ಹೊಗೆ ಸೌನಾ ಕಣೋ! ಅದರಿಂದ ಹೊಗೆ ಬರದೆ ಮಜ್ಜಿಗೆ ಬರುತ್ತಾ?”

“ಮಾಡು, ಚೀಫ್. ಮಾಡು ಬೆಳ್ಳಗಿದೆ. ಒಂದ್ಸಲ ಬಂದು ನೋಡಿ.”

“ಅಲ್ಲಿ ನನ್ನ ಅಳಿಯ ಇದ್ದಾನೆ. ಇಲ್ಲಿ ನೀನಿದ್ದೀಯ. ನಾನು ಯಾರನ್ನ ನಂಬಲಿ?” ಎಂದು ಚೀಫ್ ಸಾಸೇಜಿಗೆ ಸಾಸಿವೆ ಹಚ್ಚಿದರು. ತಾರ್ಮೊ ಹಿಲ್ಕಾಳ ಕಡೆ ನೋಡಿದ. ಹಿಲ್ಕಾ ಕಾಫಿಯ ಕಡೆ ನೋಡಿದಳು. ಅವನೊಬ್ಬನೇ ಟ್ಯಾಂಕರ್ ಹತ್ತಲು ಹೋದರೆ ಬೀಗದ ಕೈ ಚೀಫರ ಜೇಬಿನಲ್ಲಿತ್ತು. ಸ್ಕ್ರೀನಿನಲ್ಲಿ ತಟ್ಟೆ ಮೇಜಾಯಿತು, ಮೇಜು ಕೋಣೆಯಾಯಿತು.

ಎರಡನೇ ಸಾಸೇಜಿಗೆ ಚೀಫರ ಫೋನ್ ಹೊಡೆದುಕೊಂಡಿತು.

“ಮಾವಾ,” ಎಂದಿತು ಯೂಸೊನ ದನಿ, “ಸೌನಾ ಸ್ವಲ್ಪ ಜಾಸ್ತಿ ಕಾದ್ಬಿಟ್ಟಿದೆ.”

ದಳ ಅಲ್ಲಿ ಮುಟ್ಟುವಾಗ ಸೌನಾ ಇದ್ದಲ್ಲಿ ಕಾದ ಕಲ್ಲಿನ ಗುಡ್ಡೆಯೊಂದು ಉಳಿದಿತ್ತು. ಚೀಫ್ ರೈನೆ ಅದಕ್ಕೊಂದು ಸುತ್ತು ಬಂದರು. ಬಂದವರು ಸೀದಾ ತಾರ್ಮೊನ ಮೇಲೆಯೇ ಬಿದ್ದರು.

“ಮೇಲಿಂದ ಸಿನಿಮಾ ನೋಡ್ದಂಗೆ ನೋಡ್ತಾ ನಿಂತಿದ್ಯಲ್ಲೋ! ನಮ್ಮಜ್ಜ ಕಟ್ಟಿದ್ದು!”

“ನಾನು ಹೇಳಿದೆ ಚೀಫ್. ಎರಡೆರಡು ಸಲ ಹೇಳಿದೆ.”

“ಹೇಳಿದ್ಯಾ? ಯಾರಾದ್ರೂ ಕೇಳಿಸ್ಕೊಂಡ್ರೇನ್ರೋ?”

ಇಡೀ ದಳಕ್ಕೆ ಇದ್ದಕ್ಕಿದ್ದಂತೆ ತಮ್ಮ ತಮ್ಮ ಬೂಟುಗಳ ಮೇಲೆ ಅಪಾರ ಪ್ರೀತಿ ಹುಟ್ಟಿತು. ಕೌಕೊ ಮಾತ್ರ, “ನಾನಾಗ ತುರಿಸಿಕೊಳ್ತಾ ಇದ್ದೆ,” ಎಂದ.

ತಾರ್ಮೊನ ತಲೆಗೆ ರಕ್ತ ಏರಿತು. “ಎಲ್ಲಾ ಕ್ಯಾಮೆರಾದಲ್ಲಿದೆ. ಶೆಡ್ಡಿಗೆ ಬನ್ನಿ, ತೋರಿಸ್ತೀನಿ!”

ಶೆಡ್ಡಿನ ಗೋಡೆಯ ದೊಡ್ಡ ಪರದೆಯ ಮುಂದೆ ಎಲ್ಲರೂ ಮಸಿ ಮುಖ ಹೊತ್ತು ಕೂತರು. ಯೂಸೊ ಕೂಡ ಬಂದು ಹಿಂದಿನ ಬೆಂಚಿನಲ್ಲಿ ಸೇರಿಕೊಂಡ. ತಾರ್ಮೊ ಚಿತ್ರ ಓಡಿಸಿದ. ಆಗ ಅವನಿಗೆ ಹೊಳೆಯಿತು: ಡ್ರೋನಿಗೆ ಕಣ್ಣಿದೆ, ಕಿವಿಯಿಲ್ಲ. ಅವನು ಹೇಳಿದ ಒಂದೇ ಒಂದು ಮಾತೂ ಅದರಲ್ಲಿರಲಿಲ್ಲ. ಮಾಡು ಮಾತ್ರ ಮೌನವಾಗಿ ಬೆಳ್ಳಗಾಗುತ್ತಿತ್ತು.

“ನೋಡಿ, ನೋಡಿ,” ಎಂದರು ಚೀಫ್. “ಆರಾಮಾಗಿ ನೋಡ್ತಾ ನಿಂತಿದ್ದಾನೆ.”

ಅಷ್ಟರಲ್ಲಿ ದೋಣಿ ಎದ್ದು ಕೂತಿತು.

ಹಲಗೆಯ ಮೇಲಿನ ಆ ಬಿಳಿ ದೋಣಿ ಎದ್ದು ಕೂತು, ಮೈ ಮುರಿದು, ಪಕ್ಕದ ನೀರಿಗೆ ಕೈ ಹಾಕಿ ತಣ್ಣಗೆ ಕಪ್ಪಗಿದ್ದ ಬಿಯರ್ ಡಬ್ಬಿಯೊಂದನ್ನು ಎತ್ತಿತು. ಕುಡಿಯಿತು. ಉರಿಯುತ್ತಿದ್ದ ಮಾಡಿಗೆ ಬೆನ್ನು ಹಾಕಿ ಮತ್ತೆ ಮಲಗಿತು.

“ಅಯ್ಯೋ, ಅದು ನಮ್ಮ ಯೂಸೊ!” ಎಂದಳು ಹಿಲ್ಕಾ. ಆ ಹೊಟ್ಟೆಯ ಉಬ್ಬು ಇಡೀ ಊರಿಗೆ ಗೊತ್ತಿದ್ದದ್ದೇ.

ತಾರ್ಮೊನ ಎದೆ ಉಬ್ಬಿತು. ಪೈಪುಗಳು ದೂರ ದೂರ ಸರಿದುಹೋಗುತ್ತಿರುವಂತೆ ಕಂಡಿತು.

ಚೀಫ್ ಪರದೆ ನೋಡಿದರು. ಅಳಿಯನನ್ನು ನೋಡಿದರು. ಆಮೇಲೆ ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

“ತಪ್ಪು ನಂದೇ,” ಎಂದರು.

ಹಿಂದಿನ ಬೆಂಚಿನಲ್ಲಿ ಯೂಸೊ ತಲೆ ಎತ್ತಿದ.

“ಸುಮ್ಮನೆ ಕೂತು ಕಾಯೋ ಕೆಲಸ ಈ ಹುಡುಗನಿಗೆ ಕೊಡಬಾರದಿತ್ತು. ನಿದ್ದೆ ಬರುತ್ತೆ, ಪಾಪ. ಕಣ್ಣು ಮುಚ್ಚೋಕೆ ಬಿಡದ ಕೆಲಸ ಕೊಡಬೇಕು ಇವನಿಗೆ. ಡ್ರೋನ್ ಇವತ್ತಿಂದಾನೇ ಯೂಸೊಗೆ.”

“ಮತ್ತೆ ನಾನು?” ಎಂದ ತಾರ್ಮೊ.

“ನಿನ್ನ ಕಣ್ಣು ಚುರುಕು ಮಾರಾಯ. ಅಷ್ಟು ದೂರದಿಂದ ಮಾಡು ಹತ್ತಿದ್ದನ್ನ ಹಿಡಿದೆ! ಹೊಸ ಸೌನಾ ಕಟ್ಟಿದ ಮೇಲೆ ಅದನ್ನ ಕಾಯೋನು ನೀನೇ. ಅಲ್ಲೀವರೆಗೆ ಪೈಪು ತೊಳೀತಿರು.”

ದಳ ಚಪ್ಪಾಳೆ ತಟ್ಟಿತು. ಕೌಕೊ ಬೆನ್ನು ತಟ್ಟಿ, “ಎಂಥಾ ಮರ್ಯಾದೆ ಕಣೋ!” ಎಂದ. ಹಿಲ್ಕಾ ಉಳಿದಿದ್ದ ಒಂದು ಬನ್ ಅವನ ಕೈಗಿಟ್ಟಳು.

ತಾರ್ಮೊ ಕುತ್ತಿಗೆಯಿಂದ ಡ್ರೋನಿನ ರಿಮೋಟ್ ಬಿಚ್ಚಿ ಮೇಜಿನ ಮೇಲಿಟ್ಟ. ಬನ್ನನ್ನು ಅದರ ಪಕ್ಕದಲ್ಲಿಟ್ಟ. ಯೂಸೊ ಹಿಂದಿನ ಬೆಂಚಿನಿಂದ ಆಕಳಿಸುತ್ತ ಬಂದು, ರಿಮೋಟನ್ನು ತಿರುಗಿಸಿ ಮುರುಗಿಸಿ ನೋಡಿ ತಲೆ ಕೆರೆದುಕೊಂಡ.

“ತಾರ್ಮೊ, ಏಯ್ ತಾರ್ಮೊ! ಇದನ್ನ ಆನ್ ಮಾಡೋದು ಎಲ್ಲಿ?”

ತಾರ್ಮೊ ಅಷ್ಟರಲ್ಲಿ ಬಾಗಿಲು ದಾಟಿದ್ದ. ಹೊರಗೆ ಸಂಜೆ ಕಳೆದರೂ ಹಬ್ಬದ ಸೂರ್ಯ ಮುಳುಗುವ ಯೋಚನೆಯೇ ಇಲ್ಲದೆ ನಿಂತಿದ್ದ. ಯೂಸೊ ಇನ್ನೊಮ್ಮೆ ಕೂಗಿದ. ತಾರ್ಮೊ ತಿರುಗಿ ನೋಡದೆ ಕೆರೆಯ ದಾರಿ ಹಿಡಿದು ನಡೆದುಬಿಟ್ಟ.