ಭೀಮನಬೀಡು ಕೆರೆ ದಡದಲ್ಲಿ ಸುಧಾಕರನ ಟೆಂಟು

ಎಲ್ಲದಕ್ಕೂ ಮೂಲ ರೂಪಶ್ರೀ ಮೇಡಂ ಫೋನಿನಲ್ಲಿದ್ದ ಫೋಟೋಗಳು. ಗುಂಡ್ಲುಪೇಟೆಯ ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಸುಧಾಕರನ ಪಕ್ಕದ ಮೇಜು ಆಕೆಯದು. ರಜೆಯಲ್ಲಿ ಗಂಡ ಮಕ್ಕಳೊಂದಿಗೆ, ಒಳಗೇ ಅಡುಗೆಮನೆ ಇರುವ ವ್ಯಾನಿನಲ್ಲಿ ಯಾವುದೋ ದೊಡ್ಡ ಕೆರೆಗೆ ಹೋಗಿ, ದಡದಲ್ಲಿ ಟೆಂಟು ಹಾಕಿ ಮಲಗಿ ಬಂದಿದ್ದರು. ಊಟದ ಹೊತ್ತಿನಲ್ಲಿ ಫೋಟೋಗಳನ್ನೆಲ್ಲ ತೋರಿಸಿ, "ನಿಮ್ಮಂಥ ಕೂಡುಕುಟುಂಬದೋರಿಗೆ ಇದೆಲ್ಲ ಆಗಿಬರಲ್ಲ ಬಿಡಿ ಸುಧಾಕರ್. ನೀವು ಟೀ ಕುಡಿಯೋಕೂ ಅಣ್ಣನ್ನ ಕೇಳ್ಬೇಕು" ಎಂದು ನಕ್ಕರು.

ಸುಧಾಕರ ಚಿತ್ರಾನ್ನದ ಡಬ್ಬಿ ಮುಚ್ಚಿದ. "ಈ ಶನಿವಾರ ನಾವೂ ಹೋಗ್ತಿದೀವಿ ಮೇಡಂ" ಎಂದುಬಿಟ್ಟ. ಎಲ್ಲಿಗೆ ಅನ್ನುವುದು ಅವನಿಗೇ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಹಂಗಳದ ಮನೆಯ ಮುಂದೆ ಗೂಡ್ಸ್ ಆಟೋ ಬಂದು ನಿಂತಾಗ, ಚೆಂಡುಹೂವಿನ ಹೊಲಕ್ಕೆ ಹೊರಟಿದ್ದ ಅಣ್ಣ ಮಹದೇವಸ್ವಾಮಿ ಬೆಪ್ಪಾಗಿ ನೋಡಿದ.

"ಇಂಥಾ ಹಟ್ಟಿ ಇರೋವಾಗ ಬಯಲಲ್ಲಿ ಯಾಕ್ಲಾ ಮನಗ್ತೀರಿ?"

"ಖುಷಿಗೆ ಕಣಣ್ಣ."

"ಖುಷಿಗೆ ಈ ಹಟ್ಟೀಲಿ ಜಾಗ ಇಲ್ವಾ?"

ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡದ ಸುಧಾಕರ ಅಂದು ಎದೆ ಸೆಟೆಸಿದ. "ನಾನ್ ಓಯ್ತೀನಿ ಅಂದ್ರೆ ಓಯ್ತೀನಿ. ತಡೀಬ್ಯಾಡ." ಅತ್ತಿಗೆ ಕುಮಾರಿ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಇಟ್ಟುಕೊಂಡಳು. ನಗು ತಡೆಯಲು ಹಾಗೆ ಮಾಡಿದ್ದಳು. ಎದುರು ಮನೆಯವರಿಗೆ ಮಾತ್ರ ಅಳುತ್ತಿರುವಂತೆ ಕಂಡಿತು.

ಸುಧಾಕರನ ಹೆಂಡತಿ ವನಿತಾ ಒಂದು ರಾತ್ರಿಗೆ ಬೇಕಾದದ್ದನ್ನು ಮಾತ್ರ ಕಟ್ಟಿದ್ದಳು: ಹಾಸಿಗೆ ಸುರುಳಿ, ಚಿಕ್ಕ ಸಿಲಿಂಡರ್, ಒಲೆ, ನೀರಿನ ಡ್ರಮ್ಮು, ಬಕೆಟ್ಟು, ಪ್ಲಾಸ್ಟಿಕ್ ಕುರ್ಚಿ, ಒರಳು. "ಒರಳು ಯಾಕೆ?" ಅಂದರೆ "ಚಟ್ನಿ ಏನು ನಿಮ್ಮ ತಲೆ ಮೇಲೆ ಅರೀಲಾ?" ಅಂದಳು. ಇಷ್ಟರ ನೆತ್ತಿಯಲ್ಲಿ ಮಗಳು ಭಾನುವನ್ನು ಕೂರಿಸಿಕೊಂಡು ಹೊರಟ ಆಟೋ, ಬಾಡಿಗೆ ಮನೆ ಖಾಲಿ ಮಾಡಿ ಹೊರಟಂತೆಯೇ ಕಾಣುತ್ತಿತ್ತು.

ಭೀಮನಬೀಡಿನ ಕೆರೆ ತುಂಬಿತ್ತು. ಆಟೋದವನು ನಾಳೆ ಬರುತ್ತೇನೆಂದು ಸಾಮಾನಿಳಿಸಿ ಹೋದ. ಆನ್‌ಲೈನಿನಲ್ಲಿ ತರಿಸಿದ್ದ ಟೆಂಟು ಮಾತ್ರ ಹಟಮಾರಿ ಎಮ್ಮೆಯಂತೆ, ಈ ಕಡೆ ಎಬ್ಬಿಸಿದರೆ ಆ ಕಡೆ ಮಲಗುತ್ತಿತ್ತು. ಅಂತೂ ಅದು ಎದ್ದು ನಿಂತಾಗ ಸುಧಾಕರನ ಅಂಗಿ ತೋಳು ಹರಿದಿತ್ತು, ಮಂಡಿ ತರಚಿತ್ತು, ಮುಖವೆಲ್ಲ ಕೆಸರು. ಉಸ್ಸೆಂದು ಕುರ್ಚಿಯಲ್ಲಿ ಕೂತ. ಅದೇ ಹೊತ್ತಿಗೆ ಆಡು ಮೇಯಿಸುತ್ತಾ ಪುಟ್ಟಮಲ್ಲಮ್ಮ ಅನ್ನುವ ಮುದುಕಿ ಬಂದಳು.

"ಯಾವೂರಪ್ಪ?"

"ಹಂಗಳ ಕಣಜ್ಜಿ."

"ಹಟ್ಟಿ ಇಲ್ವಾ?"

"ಅದೆ ಕಣಜ್ಜಿ. ನಂದೂ ನಮ್ಮಣ್ಣುಂದೂ ಒಂದೇ ಹಟ್ಟಿ."

ಮುದುಕಿ ಹರಿದ ಅಂಗಿ ನೋಡಿದಳು, ಮಂಡಿ ನೋಡಿದಳು, ಒರಳು ನೋಡಿದಳು. ಆಕೆಗೆ ಎಲ್ಲವೂ ಅರ್ಥವಾಯಿತು. "ಅಯ್ಯೋ ನನ್ ಕಂದ! ನಿಮ್ಮಣ್ಣ ಒಡ್ದು ಓಡಿಸ್ಬುಟ್ನಾ?"

"ಯಾರೂ ಓಡಿಸಿಲ್ಲ ಕಣಜ್ಜಿ! ನಾವು ಕ್ಯಾಂಪಿಂಗ್ ಬಂದೀವಿ!"

"ಬುಡಪ್ಪ, ಅಣ್ಣನ ಮಾನ ಕಾಯ್ತಿದೀಯ" ಎಂದು ಕಣ್ಣೊರೆಸಿಕೊಂಡು ಮುದುಕಿ ಆಡುಗಳನ್ನೂ ಮರೆತು ಊರ ಕಡೆ ಓಡಿದಳು.

ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ಕೆರೆ ದಡದಲ್ಲಿತ್ತು. ಒಬ್ಬರು ಮುದ್ದೆ ತಂದರು, ಒಬ್ಬರು ಉಪ್ಸಾರು, ಇನ್ನೊಬ್ಬರು ಹಳೆಯ ಕಂಬಳಿ. ಸುಧಾಕರ "ಬೇಡ, ನಾವೇ ಅಡುಗೆ ಮಾಡ್ಕೋತೀವಿ, ಅದೇ ಇದರ ಮಜಾ" ಎಂದು ಕೂಗಾಡುತ್ತಿದ್ದರೆ ಹಿಂದೆ ವನಿತಾ ಉಪ್ಸಾರಿನ ರುಚಿ ನೋಡಿ "ಬೆಳ್ಳುಳ್ಳಿ ಸುಟ್ಟು ಹಾಕಿದೀರಾ ಅಕ್ಕ?" ಎಂದು ವಿಚಾರಿಸುತ್ತಿದ್ದಳು.

ಅಷ್ಟರಲ್ಲಿ ಊರಿನ ಯಜಮಾನ ಗುರುಮಲ್ಲಯ್ಯ ಬಂದರು. ಗಂಡಹೆಂಡಿರ ಜಗಳದಿಂದ ಹೊಲದ ಬದುವಿನವರೆಗೆ ಅವರು ಬಗೆಹರಿಸದ ವ್ಯಾಜ್ಯವಿರಲಿಲ್ಲ. ವ್ಯಾಜ್ಯವಿಲ್ಲದ ದಿನ ಅವರಿಗೆ ಅನ್ನ ಸೇರುತ್ತಿರಲಿಲ್ಲ.

"ಏನೇ ಆಗ್ಲಿ, ಅಣ್ಣತಮ್ಮ ಅಂದ್ಮೇಲೆ ಬತ್ತದೆ ಓಯ್ತದೆ. ಯಾವುದಕ್ಕೆ ಬಂತು ಜಗಳ? ಜಮೀನ್ಗಾ?"

"ಜಗಳನೇ ಇಲ್ಲ ಸ್ವಾಮಿ! ದುಡ್ಡು ಕೊಟ್ಟು ಟೆಂಟು ತಂದಿವ್ನಿ. ಖುಷಿಗೆ ಬಂದಿವ್ನಿ. ಬಯಲಲ್ಲಿ ಮಲಗೋದು ನನ್ನ ಹಕ್ಕು!"

"ಹಕ್ಕು ಅಂತಾವ್ನೆ, ಕೇಳಿಸ್ಕೊಂಡ್ರಾ?" ಗುರುಮಲ್ಲಯ್ಯ ಜನರತ್ತ ತಿರುಗಿದರು. "ಜಮೀನಿಗೇ ಬಂದಿರೋದು."

ಅವರು ಫೋನು ತೆಗೆದು, ಹಂಗಳದ ಪರಿಚಯದವರಿಂದ ನಂಬರು ಪಡೆದು, ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿ ಮಹದೇವಸ್ವಾಮಿಗೆ ಉಗಿದರು. ಆ ಕಡೆಯಿಂದ "ನಾನೆಲ್ಲಿ ಓಡಿಸ್ದೆ? ಅವ್ನೇ ಓದ!" ಎಂಬ ಕೂಗು ಬಂತು. "ಓಡಿಸ್ದೋರೆಲ್ಲ ಹಿಂಗೇ ಅನ್ನದು" ಎಂದು ಜನ ತಲೆಯಾಡಿಸಿದರು.

ಸಂಜೆ ಹೊತ್ತಿಗೆ ಬೈಕಿನಲ್ಲಿ ಮಹದೇವಸ್ವಾಮಿಯೇ ಬಂದ. ಅವನ ಮುಖ ಒಂದೇ ದಿನದಲ್ಲಿ ಬಿಸಿಲಿಗಿಟ್ಟ ಬದನೆಕಾಯಿಯಂತೆ ಬಾಡಿತ್ತು. ಸುಧಾಕರನಿಗೆ ಹೋದ ಜೀವ ಬಂದಂತಾಯಿತು. "ಅಣ್ಣಾ, ನೀನೇ ಹೇಳು ಇವ್ರಿಗೆ!"

ಮಹದೇವಸ್ವಾಮಿ ಜನರನ್ನು ನೋಡಿದ, ಗುರುಮಲ್ಲಯ್ಯನವರನ್ನು ನೋಡಿದ, ಕೈ ಮುಗಿದ. "ತಪ್ಪಾಯ್ತು ಸ್ವಾಮಿ. ನಾನೇ ಓಡಿಸ್ದೆ. ಬಾ ಕಣ್ಲಾ ತಮ್ಮ, ಹಟ್ಟಿಗೆ ಓಗನ."

ಸುಧಾಕರ ಎರಡು ಹೆಜ್ಜೆ ಹಿಂದೆ ಸರಿದ. ಜನ ಮಾತ್ರ ಅಳುವುದೊಂದು ಬಾಕಿ. "ನೋಡಿ, ಎಂಥಾ ದೊಡ್ಡ ಮನ್ಸು!" ಎಂದು ಗುರುಮಲ್ಲಯ್ಯ ಗಂಟಲು ಸರಿಮಾಡಿಕೊಂಡರು. "ಅಣ್ಣನ ಕಾಲಿಗೆ ಬೀಳಪ್ಪ."

"ಬೀಳಲ್ಲ!" ಸುಧಾಕರನ ದನಿ ಕೆರೆಯ ಆಚೆ ದಡಕ್ಕೆ ಮುಟ್ಟಿತು. "ಅವನು ಓಡಿಸೂ ಇಲ್ಲ, ನಾನು ಓಡಿ ಬಂದೂ ಇಲ್ಲ! ಇಲ್ಲೇ ಮಲಗ್ತೀನಿ. ಹರ ಬಂದು ಎಬ್ಬಿಸಿದ್ರೂ ಏಳಲ್ಲ!"

ಗಾಳಿ ದಿಕ್ಕು ಬದಲಿಸಿತು. "ಕಾಲು ಹಿಡಿಯೋನ್ನ ಒದೀತಾನಲ್ಲ!" ಎಂದರು ಒಬ್ಬರು. "ಇಂಥೋನ್ನ ಓಡಿಸಿದ್ದೇ ಸರಿ" ಎಂದರು ಇನ್ನೊಬ್ಬರು. ಕಂಬಳಿಯವನು ಕಂಬಳಿ ಮಡಚಿಕೊಂಡ. ಪುಟ್ಟಮಲ್ಲಮ್ಮ ಸುಧಾಕರನ ತಟ್ಟೆಯಲ್ಲಿದ್ದ ಮುದ್ದೆಯನ್ನೇ ಎತ್ತಿ ಪಾತ್ರೆಗೆ ಹಾಕಿಕೊಂಡು, ವನಿತಾಳ ಕೈ ಹಿಡಿದಳು. "ನೀ ಬಾ ಕಣಮ್ಮಿ, ಕೂಸ ಕರ್ಕೊಂಡು. ಈ ಮೂರ್ಖನ ಜೊತೆ ಯಾಕೆ ಚಳೀಲಿ ಸಾಯ್ತೀಯೆ? ನಮ್ಮಟ್ಟೀಲಿ ಮನಿಕೊ."

ವನಿತಾ ಗಂಡನನ್ನೊಮ್ಮೆ ನೋಡಿದಳು, ಮುದ್ದೆಯ ಪಾತ್ರೆಯನ್ನೊಮ್ಮೆ ನೋಡಿದಳು. "ಸೊಳ್ಳೆ ಬೇರೆ ಕಚ್ತಾವೆ ಕಣ್ರೀ. ಬೆಳಿಗ್ಗೆ ಬರ್ತೀವಿ" ಎಂದು ಭಾನುವಿನ ಕೈ ಹಿಡಿದು ಪಾತ್ರೆಯ ಹಿಂದೆ ನಡೆದಳು.

ದಡ ಖಾಲಿಯಾಯಿತು. ನೀರಿನ ಮೇಲೆ ಬೆಳ್ಳಕ್ಕಿಗಳು ಮನೆಗೆ ಹೊರಟಿದ್ದವು. ಉಳಿದವರು ಅಣ್ಣತಮ್ಮ ಇಬ್ಬರೇ.

"ಸುಳ್ಳು ಯಾಕ್ ಹೇಳ್ದೆ ಅಣ್ಣ? ನನ್ ಮಾನ ಕಳೆದ್ಬುಟ್ಟೆ. ಓಗು, ನೀನೂ ಓಗು. ನಾನೊಬ್ನೇ ಇರ್ತೀನಿ."

ಮಹದೇವಸ್ವಾಮಿ ಅಲ್ಲಾಡಲಿಲ್ಲ. ಮೆಲ್ಲಗೆ ಚಪ್ಪಲಿ ಬಿಟ್ಟ.

"ಎಲ್ಲಿಗ್ಲಾ ಓಗ್ಲಿ? ಮೈದುನನ್ನ ಅತ್ತಿಗೆನೇ ಓಡಿಸ್ದಳು ಅಂತ ಹಂಗಳದಲ್ಲಿ ಬೀದಿ ಬೀದೀಲಿ ಮಾತು. ನಿಮ್ಮತ್ತಿಗೆ ಒಳಗಿಂದ ಚಿಲಕ ಜಡಿದು ಕುಂತವಳೆ. ತಮ್ಮನ್ನ ಕರ್ಕೊಂಡು ಬಂದ್ರೆ ಒಳಕ್ಕೆ, ಇಲ್ದಿದ್ರೆ ನಿಮ್ಗೂ ಈ ಹಟ್ಟೀಲಿ ಜಾಗ ಇಲ್ಲ ಅಂದ್ಬುಟ್ಳು. ತಪ್ಪು ಒಪ್ಕೊಂಡ್ರಾದ್ರೂ ಬತ್ತೀಯ ಅನ್ಕಂಡೆ."

"ನಾನು ಬರಲ್ಲ ಅಣ್ಣ. ಬಂದ್ರೆ ಸೋತಂಗೆ."

"ಬರಬ್ಯಾಡ ಬುಡು" ಎಂದ ಅಣ್ಣ ಟೆಂಟಿನೊಳಗೆ ನುಸುಳಿದ. ಉದ್ದಕ್ಕೆ ಸಾಲದೆ ಮೂಲೆಯಿಂದ ಮೂಲೆಗೆ ಮಲಗಿದ. "ಲೋ, ಗಾಳಿ ಭಾರಿ ಚೆಂದಾಗಿ ಬತ್ತದೆ ಕಣ್ಲಾ! ಇನ್ನೂ ಎಲ್ಡು ದಿನ ಇರನ."

ಸುಧಾಕರನಿಗೆ ಕಾಲು ಮಡಚಿಡುವಷ್ಟೂ ಜಾಗ ಉಳಿಯಲಿಲ್ಲ. ಹಸಿದ ಹೊಟ್ಟೆಯಲ್ಲಿ, ಹೊರಗೆ ಕುರ್ಚಿಯ ಮೇಲೆ ರಾಜನಂತೆ ಬೆನ್ನು ನೆಟ್ಟಗೆ ಮಾಡಿ ಕೂತ. ಆಗ ಏರಿಯ ಮೇಲೆ ಹೋಗುತ್ತಿದ್ದ ಬೈಕೊಂದು ನಿಂತಿತು. ಯಾರೋ ಅಪರಿಚಿತ ಇಳಿದು ಬಂದು, ಬಾಳೆಹಣ್ಣಿನ ಚಿಪ್ಪೊಂದನ್ನು ಮುಂದೆ ಹಿಡಿದ.

"ತಿನ್ನಿ ಸಾರ್. ಹಂಗಳದಲ್ಲಿ ಈಗ ತಾನೆ ಕೇಳ್ದೆ. ಹೆಂಡ್ರು ನಿಮ್ಮಿಬ್ಬರನ್ನೂ ಓಡಿಸ್ಬುಟ್ರಂತಲ್ಲ."

"ರೀ ಮಿಸ್ಟರ್," ಸುಧಾಕರ ಎದ್ದು ನಿಂತು ಬೆರಳೆತ್ತಿದ, "ನಮ್ಮನ್ನ ಯಾರೂ..."

ಅವನು ಮಾತು ಮುಗಿಸುವ ಮೊದಲೇ ಟೆಂಟಿನ ಬಾಯಿಂದ ಕೈಯೊಂದು ಹೊರಬಂದು, ಚಿಪ್ಪಿಗೆ ಚಿಪ್ಪನ್ನೇ ಒಳಕ್ಕೆ ಎಳೆದುಕೊಂಡಿತು.

"ನನ್ನ ಓಡಿಸಿದ್ದು ದಿಟ ಕಣಪ್ಪ," ಒಳಗಿಂದ ಅಣ್ಣನ ದನಿ ಬಂತು. "ಅವನದು ಕ್ಯಾಂಪಿಂಗು. ಹಣ್ಣು ಕೊಡ್ಬ್ಯಾಡ."